ಫಲಕದಲ್ಲಿ 27 ಲಕ್ಷ, ಕೆಲಸಕ್ಕೆ ಸಿಕ್ಕಿದ್ದು 12.7 ಲಕ್ಷ: ಕೋಲಾರ ಜಿಲ್ಲೆಯ ಕಥೋಲಿಕ ಪ್ರೌಢಶಾಲೆಯೊಂದರ ಕಟ್ಟಡ ನಿಧಿ

ಗುರಿ 40 ಲಕ್ಷ ರೂಪಾಯಿ. ನಿಧಿ ಸಂಗ್ರಹ ಶುರುವಾಗಿ ಆರು ತಿಂಗಳಿಗೆ ಗೇಟಿನ ಪಕ್ಕದ ಫಲಕದಲ್ಲಿ 27 ಲಕ್ಷ ಎಂದು ಬರೆದಿತ್ತು, ಅಂದರೆ ಶೇ. 67.5. ಗುತ್ತಿಗೆದಾರರಿಗೆ ಮುಂಗಡ ಕೊಡುವ ಮಾತು ಬಂದಾಗ ಪಾಸ್‌ಬುಕ್ ತೆಗೆದು ನೋಡಿದರೆ, ಕಟ್ಟಡಕ್ಕೆ ಬಳಸಬಹುದಾಗಿದ್ದ ಹಣ 12.7 ಲಕ್ಷ ಮಾತ್ರ. ಅದೇ ವಾರ ಎಂಜಿನಿಯರ್ ವರದಿಯಿಂದ ಅಂದಾಜು 46 ಲಕ್ಷಕ್ಕೆ ಏರಿತು. ಊರು ಮೂರರಲ್ಲಿ ಎರಡು ಪಾಲು ಮುಗಿಯಿತೆಂದು ನಂಬಿದ್ದ ಕೆಲಸ ನಿಜದಲ್ಲಿ ಶೇ. 28ನ್ನೂ ಮುಟ್ಟಿರಲಿಲ್ಲ. ಹಣವನ್ನು ಯಾರೂ ಕದ್ದಿರಲಿಲ್ಲ. ಬೇರೆ ಬೇರೆ ಬಗೆಯ ಮೊತ್ತಗಳನ್ನು ಒಂದೇ ಸಾಲಿನಲ್ಲಿ ಕೂಡಿದ್ದೇ ಇದಕ್ಕೆ ಕಾರಣ.

ಇದು ಮಾದರಿ ಪ್ರಕರಣ. ಇಂಥ ಹಲವು ಶಾಲೆಗಳಲ್ಲಿ ಎದುರಾಗುವ ತೊಡಕುಗಳನ್ನು ಒಂದೇ ಶಾಲೆಯ ಲೆಕ್ಕದಲ್ಲಿ ಇಟ್ಟಿದ್ದೇವೆ. ಶಾಲೆಯ ಮೊತ್ತಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ಕಾನೂನಿನ ಮಿತಿಗಳು ಮತ್ತು ಗಡುವುಗಳು ಇರುವಂತೆಯೇ ಇವೆ. ತೆರಿಗೆಯ ಸೆಕ್ಷನ್ ಮತ್ತು ಫಾರ್ಮ್ ಸಂಖ್ಯೆಗಳು 1961ರ ಕಾಯ್ದೆಯ ಕಾಲದವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸಂಖ್ಯೆಗಳು ಬದಲಾಗಿರುವುದರಿಂದ ಈಗಿನ ನಮೂನೆಗಳನ್ನು ಆಡಿಟರ್ ಬಳಿ ಕೇಳಿಕೊಳ್ಳಬೇಕು.

ಶಾಲೆಯ ಹಿನ್ನೆಲೆ

ಬಂಗಾರಪೇಟೆ–ಕೆಜಿಎಫ್ ಕಡೆಯ ಅನುದಾನಿತ ಪ್ರೌಢಶಾಲೆ ಇದು. ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿದ್ದು, ಕನ್ಯಾಸ್ತ್ರೀಯರ ಸಭೆಯ ನೋಂದಾಯಿತ ಸೊಸೈಟಿ ಇದನ್ನು ನಡೆಸುತ್ತದೆ. ಶಿಕ್ಷಕರ ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತದೆ, ಗೋಡೆಗೆ ಮತ್ತು ಛಾವಣಿಗೆ ಬರುವುದಿಲ್ಲ. ಓದುವ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಮನೆಗಳ ಸಂಪಾದನೆಯ ದಾರಿ ಬದಲಾಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ದೊಡ್ಡ ಪಾಲು ಮಾರಿಕುಪ್ಪಂ ರೈಲು ಹತ್ತಿ ದಿನವೂ ಬೆಂಗಳೂರಿಗೆ ಹೋಗಿ ಬರುವವರು. ಸಾವಿರಾರು ರೂಪಾಯಿ ಒಟ್ಟಿಗೆ ಕೊಡುವುದು ಅವರಿಗೆ ಕಷ್ಟ, ತಿಂಗಳಿಗೆ ಇಷ್ಟೆಂದು ಕೊಡುವುದು ಸುಲಭ. ಮುಂದೆ ಈ ನಿಧಿಯನ್ನು ಎತ್ತಿ ನಿಲ್ಲಿಸಿದವರು ಅವರೇ.

ಬೇಕಿದ್ದದ್ದು ವಿಜ್ಞಾನ ಪ್ರಯೋಗಾಲಯ, ಗ್ರಂಥಾಲಯ ಮತ್ತು ಹೆಣ್ಣುಮಕ್ಕಳ ಶೌಚಾಲಯ. 16 ಚದರದ (1,600 ಚದರ ಅಡಿ) ಕಟ್ಟಡ, ಚದರಕ್ಕೆ 2 ಲಕ್ಷದಂತೆ 32 ಲಕ್ಷ. ಶೌಚಾಲಯ 4 ಲಕ್ಷ. ಮೇಜು, ನೀರು–ಗ್ಯಾಸ್ ಕೊಳವೆ, ಉಪಕರಣ 4 ಲಕ್ಷ.

27 ಲಕ್ಷವನ್ನು ಬಿಡಿಸಿದಾಗ

ಬ್ಯಾಂಕಿಗೆ ಬಂದಿದ್ದು 14.2 ಲಕ್ಷ. ವೇದಿಕೆಯ ಮೇಲೆ, ಫೋನಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ‘ನಂದೊಂದು ಇಪ್ಪತ್ತೈದು ಸಾವಿರ ಬರ್ಕೊಳ್ಳಿ’ ಎಂದವರ ಮಾತು 6.8 ಲಕ್ಷ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ಕಳಿಸುವುದಾಗಿ ಹೇಳಿದ್ದು 4 ಲಕ್ಷ. ಕಾರ್ಖಾನೆಯೊಂದು ‘ಪರಿಶೀಲಿಸುತ್ತೇವೆ’ ಎಂದ ಪತ್ರವನ್ನು 2 ಲಕ್ಷ ಎಂದು ಬರೆದುಕೊಳ್ಳಲಾಗಿತ್ತು.

ಕೈಗೆ ಬಂದ 14.2 ಲಕ್ಷದಲ್ಲೂ 1.5 ಲಕ್ಷ ಕಟ್ಟಡದ್ದಲ್ಲ. ಕೊಟ್ಟವರ ಪತ್ರದಲ್ಲಿ ‘ಮೂಲಧನ ಹಾಗೇ ಇರಲಿ, ಬಡ್ಡಿಯಲ್ಲಿ ಬಡ ಮಕ್ಕಳ ಶುಲ್ಕ ಕಟ್ಟಿ’ ಎಂದಿತ್ತು. ಹೀಗೆ ಬರಹದ ಸೂಚನೆಯೊಂದಿಗೆ ಬಂದದ್ದು ಮೂಲನಿಧಿ. ಅದನ್ನು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 11(5) ಒಪ್ಪುವ ಬ್ಯಾಂಕ್ ಠೇವಣಿಯಂಥ ಕಡೆ ಇಡಬೇಕು, ಸಿಮೆಂಟಿಗೆ ಹಾಕುವಂತಿಲ್ಲ. ಪತ್ರವನ್ನು ಓದದೆ ರಸೀದಿ ಹರಿದರೆ ಇಂಥ ತಪ್ಪು ಆಗಿಯೇ ಆಗುತ್ತದೆ.

ಇನ್ನೊಂದು ತೊಡಕು 1.1 ಲಕ್ಷದ್ದು. ಹಳೆಯ ವಿದ್ಯಾರ್ಥಿಗಳ ಸಂಘದ ಪದಾಧಿಕಾರಿಯೊಬ್ಬರ ಸ್ವಂತ ಫೋನ್ ನಂಬರಿನ ಯುಪಿಐಗೆ ಅದು ಬಂದಿತ್ತು. ಅವರು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ, ಪೂರ್ತಿ ಶಾಲೆಯ ಖಾತೆಗೆ ವರ್ಗಾಯಿಸಿದರು. ಆದರೆ ಬ್ಯಾಂಕ್ ದಾಖಲೆಯಲ್ಲಿ ದಾನಿಯ ಜಾಗದಲ್ಲಿ ಬಂದದ್ದು ಪದಾಧಿಕಾರಿಯ ಹೆಸರು. ನಿಜವಾಗಿ ಕೊಟ್ಟ ಸಣ್ಣ ಸಣ್ಣ ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಪ್ರಮಾಣಪತ್ರ ಕೊಡಲಾಗಲಿಲ್ಲ, ಕೃತಜ್ಞತಾ ಪತ್ರವಷ್ಟೇ ಕೊಡಲು ಸಾಧ್ಯವಾಯಿತು. 80ಜಿ ನೋಂದಣಿ ಇರುವುದು ಸೊಸೈಟಿಗೆ, ಸಂಘಕ್ಕಲ್ಲ. ಕ್ಯೂಆರ್ ಕೋಡ್ ಅಚ್ಚು ಹಾಕಿಸುವ ಮೊದಲು ಅದು ಯಾರ ಹೆಸರಿನ ಖಾತೆ ತೋರಿಸುತ್ತದೆ ಎಂದು ಒಂದು ರೂಪಾಯಿ ಕಳಿಸಿ ನೋಡಬೇಕು.

ಗುರಿಯೇ ಬದಲಾದಾಗ

ಮೊದಲ ಯೋಜನೆಯಂತೆ ಪ್ರಯೋಗಾಲಯ ಹಳೆಯ ಕಟ್ಟಡದ ಮೇಲೆ ಬರಬೇಕಿತ್ತು. ಕೋಲಾರದ ಹಳೆಯ ಶಾಲಾ ಕಟ್ಟಡಗಳಲ್ಲಿ ಸೈಜುಗಲ್ಲಿನ ಗೋಡೆಯೇ ಭಾರ ಹೊರುತ್ತದೆ. ಕಾಂಕ್ರೀಟ್ ಕಂಬ ಇರುವುದಿಲ್ಲ. ಎಂಜಿನಿಯರ್ ಮೂಲೆಗಳಲ್ಲಿ ಪರೀಕ್ಷಾ ಗುಂಡಿ ತೆಗೆಸಿದಾಗ ಪಾಯ ಮೂರು ಅಡಿಯಷ್ಟೇ ಇದ್ದು, ಕಲ್ಲುಗಳ ನಡುವೆ ಮಣ್ಣಿನ ಗಾರೆ ಕಂಡಿತು. ಮೇಲೆ ಮಹಡಿ ಹಾಕುವಂತಿಲ್ಲ ಎಂಬ ತೀರ್ಮಾನ ಸರಿಯಾದದ್ದೇ. ಪಕ್ಕದ ಜಾಗದಲ್ಲಿ ಹೊಸ ಪಾಯ ಹಾಕಿ, ಮುಂದೆ ಒಂದು ಮಹಡಿ ತಾಳುವಂತೆ ಕಂಬಗಳನ್ನು ಎಬ್ಬಿಸಲು 6 ಲಕ್ಷ ಹೆಚ್ಚು ಬೇಕಾಯಿತು. ಗುಂಡಿ ತೆಗೆಸುವ ಖರ್ಚು ಕೆಲವು ಸಾವಿರ. ಅದನ್ನು ನಿಧಿ ಘೋಷಣೆಗೆ ಮೊದಲೇ ಮಾಡಿಸಿದ್ದರೆ ಗುರಿ ಬದಲಾಯಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಶಾಲಾ ಕಟ್ಟಡದ ಸುರಕ್ಷತೆಯಲ್ಲಿ ಯಾವ ರಾಜಿಯೂ ಸಲ್ಲದು. 2004ರ ಜುಲೈ 16ರಂದು ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಅದರ ಹಿಂದೆಯೇ ಬಂದ ಅರ್ಜಿಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಅಗ್ನಿ ಮತ್ತು ಕಟ್ಟಡ ಸುರಕ್ಷತೆಯ ಬಗ್ಗೆ ನಿರ್ದೇಶನ ಕೊಟ್ಟಿತು. ಹಣ ಸಾಲದೆಂದು ಹಳೆಯ ಗೋಡೆಯ ಮೇಲೆ ಭಾರ ಹೇರಲು ಹೇಳುವ ದಾನಿ ಎಷ್ಟೇ ದೊಡ್ಡವರಾದರೂ ಅವರಿಗೆ ಬೇಡ ಎನ್ನಬೇಕು.

ಈ ಸುದ್ದಿಯನ್ನು ಹೇಗೆ ಹೇಳುವುದೆಂಬುದರ ಮೇಲೆ ಮುಂದಿನದೆಲ್ಲ ನಿಂತಿತ್ತು. ಫಲಕದಲ್ಲಿ ಸದ್ದಿಲ್ಲದೆ 40ನ್ನು ಅಳಿಸಿ 46 ಬರೆಯೋಣ, 27 ಹಾಗೇ ಇರಲಿ ಎಂಬ ಸಲಹೆ ಬಂದಿತ್ತು. ಆಡಳಿತ ಮಂಡಳಿ ಅದನ್ನು ಒಪ್ಪಲಿಲ್ಲ. ಎರಡು ಪುಟದ ಪತ್ರ ಹೊರಟಿತು: ಹಳೆಯ ಗುರಿ, ಹೊಸ ಗುರಿ, ಗುಂಡಿಯ ಎರಡು ಫೋಟೊ, ಎಂಜಿನಿಯರ್ ಮಾತಿನ ಸಾರ, 27 ಲಕ್ಷದ ಪೂರ್ತಿ ವಿಂಗಡಣೆ, ಮತ್ತು ಈ ಕಾರಣಕ್ಕೆ ಹಣ ವಾಪಸ್ ಬೇಕೆನ್ನುವವರು ಮೂವತ್ತು ದಿನದೊಳಗೆ ತಿಳಿಸಬಹುದು ಎಂಬ ಒಂದು ಸಾಲು. ಪ್ರತಿ ಕನ್ನಡದಲ್ಲಿ ಅಚ್ಚಾಯಿತು. ಈ ಭಾಗದ ಧರ್ಮಕೇಂದ್ರಗಳಲ್ಲಿ ತಮಿಳು ಮಾತಾಡುವವರು ಹೆಚ್ಚಿರುವುದರಿಂದ ಭಾನುವಾರದ ಪೂಜೆಯ ಕೊನೆಗೆ ತಮಿಳಿನಲ್ಲೂ ಓದಲಾಯಿತು. ಯಾರೂ ಹಣ ವಾಪಸ್ ಕೇಳಲಿಲ್ಲ.

ಹಂತ ಕಟ್ಟಿದ ರೀತಿ

46 ಲಕ್ಷವನ್ನು ನಾಲ್ಕು ಹಂತವಾಗಿ ಒಡೆದರು. ಮೊದಲನೆಯದು ಶೌಚಾಲಯ ಮತ್ತು ಪ್ಲಿಂತ್‌ವರೆಗಿನ (ಕಟ್ಟಡದ ನೆಲಮಟ್ಟದವರೆಗಿನ) ಪಾಯ, 12 ಲಕ್ಷ. ಎರಡನೆಯದು ಕಂಬ, ಗೋಡೆ, ಮೋಲ್ಡ್ (ಕಾಂಕ್ರೀಟ್ ಛಾವಣಿ), 18 ಲಕ್ಷ. ಮೂರನೆಯದು ಗಾರೆ, ನೆಲ, ಕಿಟಕಿ, ವೈರಿಂಗ್, ಬಣ್ಣ, 12 ಲಕ್ಷ. ಕೊನೆಯದು ಮೇಜು ಮತ್ತು ಉಪಕರಣ, 4 ಲಕ್ಷ. ಒಂದು ಹಂತದ ಪೂರ್ತಿ ಹಣ ಬ್ಯಾಂಕಿಗೆ ಬರುವ ತನಕ ಆ ಹಂತದ ಕೆಲಸ ಶುರು ಮಾಡುವಂತಿಲ್ಲ ಎಂದು ನಿರ್ಣಯ ಬರೆದರು.

ಈ ನಿಯಮ ಎರಡನೇ ಹಂತಕ್ಕೆ ಮುಖ್ಯ. ಕಂಬ ಎಬ್ಬಿಸಿ ಹಣವಿಲ್ಲದೆ ನಿಲ್ಲಿಸಿದರೆ ಮೇಲೆ ಚಾಚಿದ ಕಂಬಿ ಮಳೆಗೆ ತುಕ್ಕು ಹಿಡಿಯುತ್ತದೆ. ಆರೆಂಟು ತಿಂಗಳ ಮೇಲೆ ಮತ್ತೆ ಉಜ್ಜಿ, ಬೇಕಾದಲ್ಲಿ ಹೊಸ ಕಂಬಿ ಸೇರಿಸಬೇಕಾಗುತ್ತದೆ. ಬಾಡಿಗೆ ಸೆಂಟ್ರಿಂಗ್ ಸಾಮಾನು ದಿನ ಲೆಕ್ಕದಲ್ಲಿ ಹಣ ತಿನ್ನುತ್ತದೆ. ಪ್ಲಿಂತ್ ಮಟ್ಟದಲ್ಲಿ ನಿಂತ ಕೆಲಸಕ್ಕೆ ಇಷ್ಟು ಹಾನಿ ಇಲ್ಲ. ಅದಕ್ಕೇ ಮೊದಲ ಹಂತವನ್ನು ಅಲ್ಲಿಗೆ ನಿಲ್ಲಿಸಿದ್ದು.

ಕೈಯಲ್ಲಿದ್ದ 12.7 ಲಕ್ಷ ಮೊದಲ ಹಂತಕ್ಕೆ ಸಾಕಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಕೆಲಸ ಶುರುವಾಗಿ, ಶಾಲೆ ಮತ್ತೆ ತೆರೆಯುವಾಗ ಶೌಚಾಲಯ ಬಳಕೆಗೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ಮೊದಲು ದಕ್ಕಬೇಕಾದದ್ದು ಅದೇ. ಮುಗಿದ ಒಂದು ಕೆಲಸವನ್ನು ಕಣ್ಣಿಂದ ಕಂಡ ಮೇಲೆ ಕೊಡುವವರ ಕೈಯೂ ಸಡಿಲವಾಯಿತು.

ಹಣ ಬಂದ ದಾರಿಗಳು

ದೊಡ್ಡ ಪಾಲು ತಿಂಗಳಿಗೆ 500 ರೂಪಾಯಿ ಯೋಜನೆಯದು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷಕ್ಕೊಬ್ಬರಂತೆ ಹೊಣೆಗಾರರು, ಸೊಸೈಟಿಯ ಖಾತೆಗೆ ಯುಪಿಐ ಆಟೋಪೇ ಅಥವಾ ಬ್ಯಾಂಕಿನ ಸ್ಥಾಯಿ ಸೂಚನೆ. ಸೇರಿದವರು 210 ಜನ. ಎಲ್ಲರೂ 18 ತಿಂಗಳು ಕಟ್ಟಿದ್ದರೆ 18.9 ಲಕ್ಷ ಆಗುತ್ತಿತ್ತು. ಸರಾಸರಿ ಕಟ್ಟಿದವರು 160, ಬಂದದ್ದು 14.4 ಲಕ್ಷ. ಬಿಟ್ಟವರಲ್ಲಿ ಹೆಚ್ಚಿನವರಿಗೆ ಮನಸ್ಸಿಲ್ಲದೆ ಬಿಟ್ಟದ್ದಲ್ಲ: ಫೋನ್ ಬದಲಾಯಿತು, ಸಂಬಳದ ಖಾತೆ ಬದಲಾಯಿತು, ಕಡಿತದ ದಿನ ಖಾತೆಯಲ್ಲಿ ಹಣ ಇರಲಿಲ್ಲ. ಕಡಿತದ ದಿನವನ್ನು ಸಂಬಳ ಬೀಳುವ ಮೊದಲ ವಾರಕ್ಕೆ ಇಟ್ಟು, ಎರಡು ತಿಂಗಳು ತಪ್ಪಿದವರಿಗೆ ಅವರದೇ ಬ್ಯಾಚಿನವರಿಂದ ಫೋನ್ ಮಾಡಿಸಿದಾಗ ಹಲವರು ಮರಳಿದರು. ಇಂಥ ಯೋಜನೆಯಲ್ಲಿ ಶುರುವಿನ ಸಂಖ್ಯೆಯ ಮುಕ್ಕಾಲನ್ನು ಮಾತ್ರ ನಂಬಿ ಲೆಕ್ಕ ಹಾಕುವುದು ಕ್ಷೇಮ.

6.8 ಲಕ್ಷದ ಮಾತುಗಳಿಗೆ ಒಬ್ಬೊಬ್ಬರನ್ನೇ ಕಂಡು ದಿನಾಂಕ ಬರೆಸಿಕೊಂಡರು. 5 ಲಕ್ಷಕ್ಕೆ ದಿನಾಂಕ ಸಿಕ್ಕಿತು, ಉಳಿದ 1.8 ಲಕ್ಷವನ್ನು ಪಟ್ಟಿಯಿಂದಲೇ ತೆಗೆದರು. ಟೊಮೆಟೊ ಬೆಳೆಯುವವರನ್ನು ಬೆಲೆ ಬಿದ್ದ ವಾರ ಕೇಳುವಂತಿಲ್ಲ, ರೇಷ್ಮೆಯವರನ್ನು ಗೂಡು ಮಾರುವ ಮೊದಲು ಕೇಳುವಂತಿಲ್ಲ. ‘ಯಾವಾಗ ಕೊಡ್ತೀರಿ ಅಣ್ಣ?’ ಎಂದು ಕೇಳಿ ಅವರು ಹೇಳಿದ ತಿಂಗಳನ್ನೇ ಬರೆದುಕೊಳ್ಳಬೇಕು. ಕೊನೆಗೆ ಬಂದದ್ದು 4.1 ಲಕ್ಷ. ಮಂಡಿ ವ್ಯಾಪಾರಿಗಳಿಂದ ಬೇರೆ 3 ಲಕ್ಷ ಬಂತು.

ಶಾಲೆಯ ಹಬ್ಬದ ದಿನದ ಊಟ–ತಿಂಡಿ ಮಳಿಗೆಗಳಲ್ಲಿ 2.4 ಲಕ್ಷ ವ್ಯಾಪಾರ, 1.1 ಲಕ್ಷ ಖರ್ಚು. ಫಲಕಕ್ಕೆ ಹೋದದ್ದು ಉಳಿದ 1.3 ಲಕ್ಷ ಮಾತ್ರ. ಲಕ್ಕಿ ಡಿಪ್ ಕೂಪನ್ ಮಾರುವ ಹಳೆಯ ರೂಢಿಯನ್ನು ಕೈಬಿಟ್ಟರು. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಹಣ ಕೊಟ್ಟು ಚೀಟಿ ಕೊಂಡು ಅದೃಷ್ಟದಿಂದ ಬಹುಮಾನ ಪಡೆಯುವ ಯಾವುದೇ ಆಟಕ್ಕೆ ಆ ಹೆಸರು ಅಂಟಬಹುದು. ಸಂತರ ಹಬ್ಬದ ದಿನ ಶಾಲೆಗೆ ಅದು ಬೇಡ.

ಅಮೆರಿಕದ 4 ಲಕ್ಷದ ವಿಷಯ ಸೂಕ್ಷ್ಮ. ಭಾರತದ ಪಾಸ್‌ಪೋರ್ಟ್ ಇರುವವರು ವಿದೇಶದಲ್ಲಿದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಇವರು ಅಮೆರಿಕದ ಪೌರತ್ವ ಪಡೆದಿದ್ದರು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ 2010ರ ಕಣ್ಣಿಗೆ ಅವರು ವಿದೇಶಿ ಮೂಲವೇ. ಆ ಹಣ ಸಂಘದ ಖಾತೆಗೆ ಬಂದಿದ್ದರೆ ಅಪರಾಧವಾಗುತ್ತಿತ್ತು. ಪುಣ್ಯಕ್ಕೆ ಇನ್ನೂ ಬಂದಿರಲಿಲ್ಲ. ಸೊಸೈಟಿಗೆ ಎಫ್‌ಸಿಆರ್‌ಎ ನೋಂದಣಿ ಇದ್ದುದರಿಂದ ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೆ ತರಿಸಿ, ಬಳಕೆ ಖಾತೆಯಿಂದ ಖರ್ಚು ಮಾಡಿದರು. 2020ರ ತಿದ್ದುಪಡಿಯ ನಂತರ ವಿದೇಶಿ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಶಾಲೆ ಅದೇ ಸೊಸೈಟಿಯದ್ದಾದ್ದರಿಂದ ಇಲ್ಲಿ ಅಡ್ಡಿ ಬರಲಿಲ್ಲ. ಶಾಲೆ ಒಂದು ಟ್ರಸ್ಟಿನದು, ನೋಂದಣಿ ಇನ್ನೊಂದರದ್ದು ಆಗಿದ್ದರೆ ಈ ದಾರಿ ಮುಚ್ಚಿರುತ್ತಿತ್ತು. ಕಿಟಕಿ ಮತ್ತು ನೆಲದ ಬಿಲ್‌ಗಳನ್ನು ಪ್ರತ್ಯೇಕವಾಗಿ ಬರೆಸಿ ಆ ಖಾತೆಯಿಂದಲೇ ಪಾವತಿಸಿದರು. ಸ್ಥಳೀಯ ಹಣದೊಂದಿಗೆ ಬೆರೆಸಿದರೆ ಡಿಸೆಂಬರ್ 31ರೊಳಗೆ ಕೊಡಬೇಕಾದ ಎಫ್‌ಸಿ–4 ವರದಿಯಲ್ಲಿ ಲೆಕ್ಕ ಬಿಡಿಸಲು ಆಗುವುದಿಲ್ಲ.

ಕಾರ್ಖಾನೆಯ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ) ಹಣ ಪರಿಚಯದಿಂದ ಬರುವುದಿಲ್ಲ, ಕಾಗದದಿಂದ ಬರುತ್ತದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರಂತೆ ಕಂಪನಿ ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಜಿಲ್ಲೆಯೊಳಗೇ ಇರುವುದು ಇಲ್ಲಿನ ಶಾಲೆಗಳಿಗೆ ಅನುಕೂಲ. ಸೊಸೈಟಿ ಸಿಎಸ್‌ಆರ್–1 ನೋಂದಣಿ ಸಂಖ್ಯೆ ಪಡೆದು, ಮೂರು ವರ್ಷದ ಆಡಿಟ್ ವರದಿ, ಮೇಜು–ಉಪಕರಣಗಳ ಪಟ್ಟಿ, ಮೂರು ದರಪಟ್ಟಿ ಸೇರಿಸಿ ಹೊಸ ಹಣಕಾಸು ವರ್ಷದ ಯೋಜನೆ ಸಿದ್ಧವಾಗುವ ಮೊದಲೇ ಅರ್ಜಿ ಕೊಟ್ಟಿತು. ‘ಕಟ್ಟಡಕ್ಕೆ ಸಹಾಯ ಮಾಡಿ’ ಎಂಬ ಹಳೆಯ ಪತ್ರಕ್ಕೆ ‘ಪರಿಶೀಲಿಸುತ್ತೇವೆ’ ಎಂದಷ್ಟೇ ಉತ್ತರ ಬಂದಿತ್ತು. ‘ಪ್ರಯೋಗಾಲಯದ ಮೇಜು, ಸಿಂಕ್, ಸೂಕ್ಷ್ಮದರ್ಶಕ, ಒಟ್ಟು 4 ಲಕ್ಷ’ ಎಂಬ ಅರ್ಜಿಗೆ ಪೂರ್ತಿ ನಾಲ್ಕನೇ ಹಂತದ ಹಣ ಬಂತು.

ಉಳಿದ 2.5 ಲಕ್ಷವನ್ನು ಕನ್ಯಾಸ್ತ್ರೀಯರ ಸಭೆಯೇ ಕೊಟ್ಟಿತು. ಅದು ಒಂಬತ್ತನೇ ತಿಂಗಳಲ್ಲಿ, ಎರಡನೇ ಹಂತಕ್ಕೆ 16.3 ಲಕ್ಷ ಸೇರಿ 18ಕ್ಕೆ 1.7 ಕಡಿಮೆ ಇದ್ದಾಗ. ಸರಿಯಾದ ಹೊತ್ತಿಗೆ ಬಂದ ಆ ಮೊತ್ತದಿಂದ ಜನವರಿಯಲ್ಲಿ ಕೆಲಸ ಹಿಡಿದು ಮಳೆಗಾಲಕ್ಕೆ ಮುಂಚೆ ಮೋಲ್ಡ್ ಮುಗಿಸಲು ಆಯಿತು.

ರಸೀದಿ ಮತ್ತು ತೆರಿಗೆ

ಪ್ಯಾನ್ ಸಂಖ್ಯೆಯನ್ನು ಹಣ ಪಡೆಯುವಾಗಲೇ ಬರೆದುಕೊಳ್ಳಬೇಕು, ಮಾರ್ಚ್‌ನಲ್ಲಿ ಹುಡುಕಿ ಹೊರಟರೆ ಅರ್ಧ ಜನ ಸಿಗುವುದಿಲ್ಲ. ಮಾರ್ಚ್ 31ಕ್ಕೆ ಮುಗಿದ ವರ್ಷದ ದಾನಿಗಳ ವಿವರವನ್ನು ಮೇ 31ರೊಳಗೆ ಫಾರ್ಮ್ 10ಬಿಡಿಯಲ್ಲಿ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದರಿಂದ ಹುಟ್ಟುವ 10ಬಿಇ ಪ್ರಮಾಣಪತ್ರವಿಲ್ಲದೆ ಶಾಲೆಯ ರಸೀದಿಯೊಂದರಿಂದ ದಾನಿಗೆ ರಿಯಾಯಿತಿ ಸಿಗುವುದಿಲ್ಲ. 2,000 ರೂಪಾಯಿ ಮೀರಿದ ನಗದಿಗೆ 80ಜಿ ಅನ್ವಯಿಸದು. ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದೇ ನಿಷಿದ್ಧ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಲಾಭವೇ ಇಲ್ಲ. 2023–24ರಿಂದ ಅದೇ ಮೂಲ ಆಯ್ಕೆಯಾಗಿರುವುದರಿಂದ ‘ತೆರಿಗೆ ಉಳಿಯುತ್ತದೆ’ ಎಂದು ಎಲ್ಲರಿಗೂ ಹೇಳಿ ಹಣ ಕೇಳುವುದು ಸರಿಯಲ್ಲ.

ಹಂತದ ಹಣ ಕೂಡಿಡುತ್ತ ಹೋದರೆ ವರ್ಷದ ಆದಾಯದ ಶೇ. 85ನ್ನು ಬಳಸಬೇಕೆಂಬ ನಿಯಮ ಎದುರಾಗುತ್ತದೆ. ಉದ್ದೇಶ ಮತ್ತು ಅವಧಿ ಬರೆದು ಫಾರ್ಮ್ 10 ಸಲ್ಲಿಸಿದರೆ ಐದು ವರ್ಷದವರೆಗೆ ಕೂಡಿಡಬಹುದು. ಆಡಿಟರ್‌ಗೆ ಇದನ್ನು ಮೊದಲ ತಿಂಗಳೇ ತಿಳಿಸಬೇಕು.

ಈಗ ಓದುತ್ತಿರುವ ಮಕ್ಕಳ ತಂದೆ–ತಾಯಿಯಿಂದ ಪಡೆಯುವ ಹಣದ ಬಗ್ಗೆ ಶಾಲೆ ಕಟ್ಟುನಿಟ್ಟಾಗಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ, ದಾಖಲಾತಿ ನಡೆಯುವಾಗ, ಪೋಷಕರಿಂದ ದೇಣಿಗೆ ಪಡೆಯುವಂತಿಲ್ಲ. ಮಕ್ಕಳ ಕೈಯಲ್ಲಿ ಲಕೋಟೆ ಕಳಿಸುವಂತಿಲ್ಲ, ತರಗತಿಯಲ್ಲಿ ಹೆಸರು ಓದುವಂತಿಲ್ಲ. ದಾಖಲಾತಿಗೆ ಪ್ರತಿಯಾಗಿ ಹಣ ಪಡೆಯುವುದನ್ನು ಕರ್ನಾಟಕದ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಡೆಯುತ್ತದೆ. ಕಾಯ್ದೆಯ ಮಾತು ಒಂದು ಕಡೆ ಇರಲಿ, ಕೊಡಲಾಗದ ಮನೆಯ ಮಗು ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವಂತೆ ಮಾಡುವ ಹಣ ಶಾಲೆಗೆ ಬೇಡವೇ ಬೇಡ.

ತಿಂಗಳ ಸುದ್ದಿ ಪತ್ರ

ಹಳೆಯ ಫಲಕ ತೆಗೆದ ಜಾಗದಲ್ಲಿ ಒಂದು ಪುಟದ ಸುದ್ದಿ ಪತ್ರ ಬಂತು. 300 ಪ್ರತಿಗೆ 600 ರೂಪಾಯಿ ಖರ್ಚು. ಪ್ರತಿ ತಿಂಗಳ ಮೊದಲ ಸೋಮವಾರ ಹೊರಡಬೇಕು, ಅಂಕಿಗಳು ಹಿಂದಿನ ತಿಂಗಳ ಕೊನೆಯ ದಿನದ ಪಾಸ್‌ಬುಕ್ಕಿನಿಂದಲೇ ಬರಬೇಕು, ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮತ್ತು ಸಂಘದ ಖಜಾಂಚಿ ಇಬ್ಬರೂ ಸಹಿ ಹಾಕಬೇಕು. ನಾಲ್ಕನೇ ತಿಂಗಳ ಪತ್ರದ ಲೆಕ್ಕದ ಭಾಗ ಹೀಗಿತ್ತು:

‘ಜುಲೈ 31ಕ್ಕೆ ಕೈಸೇರಿದ್ದು 19.5 ಲಕ್ಷ. ಗುತ್ತಿಗೆದಾರರಿಗೆ ಕೊಟ್ಟಿದ್ದು 11.4 ಲಕ್ಷ. ಕೆಲಸದ ಖಾತರಿಗೆ ತಡೆದಿಟ್ಟಿದ್ದು 60 ಸಾವಿರ. ಎರಡನೇ ಹಂತಕ್ಕೆ ಉಳಿದಿರುವುದು 7.5 ಲಕ್ಷ, ಇನ್ನೂ ಬೇಕಿರುವುದು 10.5 ಲಕ್ಷ. ದಿನಾಂಕ ಕೊಟ್ಟು ಒಪ್ಪಿರುವವರಿಂದ ಬರಬೇಕಾದದ್ದು 2.4 ಲಕ್ಷ; ಇದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ವಿದೇಶದ ದೇಣಿಗೆ, ಕಾರ್ಖಾನೆಯ ನೆರವು ಇನ್ನೂ ಬಂದಿಲ್ಲ, ಸೇರಿಸಿಲ್ಲ.’

ಲೆಕ್ಕದ ಕೆಳಗೆ ಆ ತಿಂಗಳು ಏನಾಯಿತು, ಮುಂದಿನ ತಿಂಗಳು ಏನಾಗಬೇಕು, ಯಾವುದು ತಡವಾಯಿತು ಮತ್ತು ಯಾಕೆ ಎಂದು ನಾಲ್ಕೈದು ಸಾಲು. ತಡವಾದದ್ದನ್ನು ಬರೆಯದ ಪತ್ರವನ್ನು ಜನ ಮೂರನೇ ತಿಂಗಳಿಗೆ ಓದುವುದು ಬಿಡುತ್ತಾರೆ. ಮೋಲ್ಡ್ ಹಾಕಿದ ತಿಂಗಳಲ್ಲಿ ಇದು ನೆರವಿಗೆ ಬಂತು. 16 ಚದರಕ್ಕೆ 5 ಇಂಚಿನ ದಪ್ಪದಲ್ಲಿ ಸುಮಾರು 19 ಘನ ಮೀಟರ್ ಕಾಂಕ್ರೀಟ್ ಒಂದೇ ದಿನ ಬಿದ್ದಿತು, ನೋಡಲು ಊರೇ ಬಂದಿತ್ತು. ಆಮೇಲೆ ಎರಡು ವಾರ ಆಳುಗಳೇ ಕಾಣಲಿಲ್ಲ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ತೊಲೆಯಿಂದ ತೊಲೆಗೆ 4.5 ಮೀಟರಿಗಿಂತ ಹೆಚ್ಚು ಅಂತರವಿರುವ ಸ್ಲ್ಯಾಬಿನ ಆಸರೆಗಳನ್ನು 14 ದಿನ ತೆಗೆಯುವಂತಿಲ್ಲ, ಹಾರುಬೂದಿಯಂಥದ್ದು ಬೆರೆಸಿದ ಪೊಝೊಲಾನಾ ಸಿಮೆಂಟಾದರೆ ಕನಿಷ್ಠ 10 ದಿನ ನೀರು ಕಟ್ಟಬೇಕು. ‘ಹಣ ಮುಗಿದು ಕೆಲಸ ನಿಂತಿದೆ’ ಎಂಬ ಮಾತು ಹುಟ್ಟುವ ಮೊದಲೇ ಆ ಹದಿನಾಲ್ಕು ದಿನದ ಕಾರಣ ಪತ್ರದಲ್ಲಿ ಅಚ್ಚಾಗಿತ್ತು. ಕೊಳವೆಬಾವಿ ನೀರು ಸಾಲದೆ ತರಿಸಿದ ಟ್ಯಾಂಕರ್ ಖರ್ಚೂ ಅದರಲ್ಲೇ ಇತ್ತು.

ಮಕ್ಕಳ ಮುಖ ಕಾಣುವ ಫೋಟೊ ಪತ್ರದಲ್ಲಿ ಬರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ವರ್ಷದೊಳಗಿನವರೆಲ್ಲ ಮಕ್ಕಳು, ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕರೂ ಬಡತನದ ಕಥೆಯೊಂದಿಗೆ ಮಗುವಿನ ಮುಖ ತೋರಿಸಿ ಹಣ ಎತ್ತಬಾರದು ಎಂಬುದು ಸಿಸ್ಟರ್‌ಗಳ ನಿಲುವು, ಅದು ಸರಿಯಾದ ನಿಲುವು.

ಹದಿನೆಂಟನೇ ತಿಂಗಳ ಕೊನೆಗೆ ಮೂರನೇ ಹಂತದ 12 ಲಕ್ಷ ಸೇರಿ, ದಸರಾ ರಜೆಯಲ್ಲಿ ಗಾರೆ ಕೆಲಸ ಹಿಡಿದರು. ದಾನಿಗಳ ಹೆಸರಿನ ಕಲ್ಲನ್ನು ಮೊತ್ತ ಬರೆಯದೆ, ವರ್ಣಮಾಲೆಯ ಕ್ರಮದಲ್ಲಿ ಕೆತ್ತಿಸಿದರು. ಕಾರ್ಖಾನೆಯ ಹೆಸರೂ ಅದೇ ಅಳತೆಯ ಅಕ್ಷರದಲ್ಲಿ, ಉತ್ಪನ್ನದ ಮಾತಿಲ್ಲದೆ ಬಂತು; ಜಾಹೀರಾತಿನ ಉದ್ದೇಶವಿಲ್ಲದ ಇಂಥ ಕೃತಜ್ಞತಾ ಫಲಕಕ್ಕೆ ಜಿಎಸ್‌ಟಿ ಇಲ್ಲವೆಂದು 2019ರ ಅಕ್ಟೋಬರ್ ಸುತ್ತೋಲೆ ಸ್ಪಷ್ಟಪಡಿಸಿದೆ. ದಿನಾಂಕ ಕೊಟ್ಟೂ ಬಾರದೆ ಉಳಿದ 90 ಸಾವಿರವನ್ನು ಕೊನೆಯ ಸುದ್ದಿ ಪತ್ರ ಯಾರ ಹೆಸರನ್ನೂ ಹೇಳದೆ ಪಟ್ಟಿಯಿಂದ ತೆಗೆಯಿತು. ಅವರ ಮನೆಗಳಿಗೂ ಉದ್ಘಾಟನೆಯ ಆಹ್ವಾನ ಪತ್ರಿಕೆ ಹೋಯಿತು.